ಮೊದಲು ನಿದ್ದೆ, ಆಮೇಲೆ ನೆನಪು, ಕೊನೆಗೆ ಕ್ಷಮೆ: ಆಘಾತದ ನಂತರ ನಂಬಿಕೆ ಮತ್ತು ಚಿಕಿತ್ಸೆಯನ್ನು ಜೋಡಿಸುವ ಬಗೆ

ಮನೆಯಲ್ಲಿ ಒಬ್ಬರ ಮನಸ್ಸಿಗೆ ಕಾಯಿಲೆಯಾದಾಗ ಸುತ್ತಲಿನವರು ಎರಡು ಪಕ್ಷವಾಗುತ್ತಾರೆ. "ದೇವರ ಮೇಲೆ ಭಾರ ಹಾಕು, ಎಲ್ಲ ಸರಿಹೋಗುತ್ತದೆ" ಅನ್ನುವವರು ಒಂದು ಕಡೆ. "ದೇವರು ದಿಂಡರು ಎಲ್ಲ ಬಿಡು, ಮಾತ್ರೆ ನುಂಗು" ಅನ್ನುವವರು ಇನ್ನೊಂದು ಕಡೆ. ಕಾಯಿಲೆಯವರು ನಡುವೆ ಸಿಕ್ಕಿಕೊಂಡು ಎರಡನ್ನೂ ಅರ್ಧಂಬರ್ಧ ಮಾಡುತ್ತಾರೆ: ಮಾತ್ರೆ ಕದ್ದು ನುಂಗುತ್ತಾರೆ, ಪ್ರಾರ್ಥನೆಯನ್ನು ವೈದ್ಯರಿಂದ ಮುಚ್ಚಿಡುತ್ತಾರೆ. ಹೀಗೆ ಮುಚ್ಚಿಟ್ಟದ್ದೇ ಮುಂದೆ ತೊಂದರೆ ಕೊಡುತ್ತದೆ.

ಯಾವುದು ಸರಿ ಎಂಬ ಜಗಳಕ್ಕಿಂತ ಮುಖ್ಯವಾದ ಪ್ರಶ್ನೆ, ಯಾವುದು ಮೊದಲು ಎಂಬುದು. ಆಘಾತಕ್ಕೆ, ಅಂದರೆ ಅಪಘಾತ, ಹಿಂಸೆಯಂಥ ಭಯಾನಕ ಘಟನೆಗೆ, ಒಳಗಾದವರ ಚೇತರಿಕೆಗೆ ಒಂದು ಅನುಕ್ರಮವಿದೆ. ಅಮೆರಿಕದ ಮನೋವೈದ್ಯೆ ಜುಡಿತ್ ಹರ್ಮನ್ 1992ರಲ್ಲಿ ಇದನ್ನು ಮೂರು ಹಂತಗಳಾಗಿ ಹೇಳಿದರು: ಮೊದಲು ಭದ್ರತೆ, ನಂತರ ನಡೆದದ್ದನ್ನು ನೆನೆದು ಅದಕ್ಕಾಗಿ ದುಃಖಿಸುವುದು, ಆಮೇಲೆ ಬದುಕಿನೊಂದಿಗೆ ಮತ್ತೆ ಬೆಸೆದುಕೊಳ್ಳುವುದು. ಬಹಳಷ್ಟು ಮನೆಗಳಲ್ಲಿ ಇದು ತಲೆಕೆಳಗಾಗಿ ನಡೆಯುತ್ತದೆ. ಘಟನೆ ನಡೆದು ವಾರವೂ ಆಗಿರುವುದಿಲ್ಲ, "ಕ್ಷಮಿಸಿಬಿಡು", "ಇದರಲ್ಲೂ ದೇವರ ಇಚ್ಛೆ ಇದೆ" ಎಂಬ ಮಾತು ಶುರುವಾಗುತ್ತದೆ. ಕ್ಷಮೆ, ಅರ್ಥ, ದೇವರ ಜೊತೆಗಿನ ಲೆಕ್ಕ ಎಲ್ಲವೂ ಬೇಕಾದವೇ, ಆದರೆ ಅವು ಬರುವುದು ಕೊನೆಯಲ್ಲಿ. ಮುಂದಿನ ಹಂತಗಳು ಆ ಅನುಕ್ರಮದಲ್ಲೇ ಇವೆ. ಮುಖ್ಯವಾಗಿ ಇದನ್ನು ಬರೆದಿರುವುದು ಜೊತೆಗಿದ್ದು ನೋಡಿಕೊಳ್ಳುವವರಿಗೆ. ಕಾಯಿಲೆ ಅನುಭವಿಸುತ್ತಿರುವವರು ಓದಿದರೂ ಅಷ್ಟೇ ಉಪಯೋಗಕ್ಕೆ ಬರುತ್ತದೆ.

ಹಂತ 1: ಇವತ್ತೇ ಆಸ್ಪತ್ರೆಗೆ ಹೋಗಬೇಕಾದ ಸ್ಥಿತಿಯೇ ಎಂದು ನೋಡಿ

ಸಾಯುವ ಮಾತು, ಅದಕ್ಕೆ ತಯಾರಿ. ತನಗೋ ಇನ್ನೊಬ್ಬರಿಗೋ ಹಾನಿ ಮಾಡು ಎಂದು ಹೇಳುವ ದನಿ. ಎರಡು ಮೂರು ದಿನ ನಿದ್ದೆ ಇಲ್ಲದೆಯೂ ದಣಿವೇ ಇಲ್ಲದಿರುವುದು. ಅನ್ನ ನೀರು ಬಿಟ್ಟು ಕೂತಿರುವುದು. ಹೆರಿಗೆಯಾದ ಮೊದಲ ವಾರಗಳಲ್ಲಿ ಇದ್ದಕ್ಕಿದ್ದಂತೆ ಗೊಂದಲ, ಅನುಮಾನ, ವಿಚಿತ್ರ ಮಾತು. ಇವುಗಳಲ್ಲಿ ಒಂದೇ ಇದ್ದರೂ ನಾಳೆಗೆ ಮುಂದೂಡಬೇಡಿ. ಹಾನಿ ಮಾಡೆನ್ನುವ ದನಿ ದೇವರದೇ ಎಂದು ಅವರು ನಂಬಿದ್ದರೆ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಆ ಆಜ್ಞೆ ಮೀರುವುದೇ ಪಾಪ ಎಂದು ಅವರಿಗೆ ಅನ್ನಿಸುತ್ತಿರುತ್ತದೆ.

ಸಾವಿನ ಬಗ್ಗೆ ನೇರವಾಗಿ ಕೇಳಿ. "ಸತ್ತುಹೋಗಬೇಕು ಅನ್ನಿಸುತ್ತಿದೆಯಾ? ಹೇಗೆ ಅಂತ ಯೋಚಿಸಿದ್ದೀಯಾ?" ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯ ಬೇಡ. ಕೇಳಿದಾಗ ಬಹುಮಟ್ಟಿಗೆ ಹಗುರವೇ ಆಗುತ್ತದೆ. ಉತ್ತರ ಹೌದು ಎಂದಾದರೆ ಅವರನ್ನು ಒಬ್ಬರೇ ಬಿಡಬೇಡಿ. ಮನೆಯಲ್ಲಿರುವ ಮಾತ್ರೆಗಳು, ಕೀಟನಾಶಕ, ಆಯುಧಗಳನ್ನು ಅವರ ಕೈಗೆ ಸಿಗದ ಕಡೆಗೆ ಸಾಗಿಸಿ. ಸಾಯುವ ಒತ್ತಡ ಉಕ್ಕಿ ಬಂದು ಇಳಿಯುವಂಥದ್ದು. ಆ ಹೊತ್ತಿನಲ್ಲಿ ಸಾಧನ ಕೈಗೆಟುಕದಿದ್ದರೆ ಜೀವ ಉಳಿಯುವ ಸಾಧ್ಯತೆ ಹೆಚ್ಚು.

ನಂಬಿಕೆಯುಳ್ಳ ಮನೆಗಳಲ್ಲಿ ಇಲ್ಲೊಂದು ತಪ್ಪು ನಡೆಯುತ್ತದೆ. "ಆತ್ಮಹತ್ಯೆ ಮಹಾಪಾಪ" ಎಂದು ಹೇಳಿ ತಡೆಯಲು ನೋಡುತ್ತಾರೆ. ತನ್ನ ನಂಬಿಕೆಯೇ ತನ್ನನ್ನು ತಡೆದು ಹಿಡಿದಿದೆ ಎಂದು ಕಾಯಿಲೆಯವರೇ ಹೇಳಿದರೆ ಅದು ದೊಡ್ಡ ಆಸರೆ, ಅದನ್ನು ಗಟ್ಟಿ ಮಾಡಿ. ನೀವಾಗಿ ಆ ಮಾತನ್ನು ಎತ್ತಿದರೆ ಮಾತ್ರ, ಮೊದಲೇ ತಪ್ಪಿತಸ್ಥ ಭಾವನೆಯಲ್ಲಿ ಮುಳುಗಿದವರು ಇನ್ನೊಂದು ಪಾಪವನ್ನು ಲೆಕ್ಕಕ್ಕೆ ಸೇರಿಸಿಕೊಂಡು ಬಾಯಿ ಮುಚ್ಚಿಬಿಡುತ್ತಾರೆ. ಮುಂದಿನ ಸಲ ನಿಮಗೆ ಸುಳಿವೂ ಸಿಗುವುದಿಲ್ಲ.

ಹಂತ 2: ಒಂದು ಹಾಳೆಯಲ್ಲಿ ಮೂರು ಪಟ್ಟಿ ಮಾಡಿ

ವೈದ್ಯರ ಮುಂದೆ ಕೂತಾಗ ಅರ್ಧ ಗಂಟೆಯೊಳಗೆ ಎಲ್ಲ ಹೇಳಬೇಕು. ಅಳು ಬರುತ್ತದೆ, ಮುಖ್ಯವಾದದ್ದು ಮರೆತುಹೋಗುತ್ತದೆ. ಹೋಗುವ ಮೊದಲು ಒಂದು ಹಾಳೆಯನ್ನು ಅಡ್ಡ ಹಿಡಿದು ಮೇಲಿನಿಂದ ಕೆಳಕ್ಕೆ ಮೂರು ಪಟ್ಟಿ ಮಾಡಿ. ಮೊದಲನೆಯದರಲ್ಲಿ ಬದುಕಿನಲ್ಲಿ ನಡೆದದ್ದು, ಎರಡನೆಯದರಲ್ಲಿ ದೇಹ ಮತ್ತು ನಿದ್ದೆ, ಮೂರನೆಯದರಲ್ಲಿ ನಂಬಿಕೆಯ ಬದುಕು. ಎಡ ಅಂಚಿನಲ್ಲಿ ತಿಂಗಳು, ವರ್ಷ.

ತುಂಬಿದ ಹಾಳೆ ಹೇಗಿರಬಹುದು ನೋಡಿ. ಮಾರ್ಚ್: ಅಪಘಾತ, ಪಕ್ಕದಲ್ಲಿದ್ದ ಗೆಳೆಯ ತೀರಿಕೊಂಡ, ನಿದ್ದೆ 4 ಗಂಟೆ, ಹಾರ್ನ್ ಕೇಳಿದರೆ ಬೆಚ್ಚಿಬೀಳುತ್ತಾನೆ, ಪ್ರಾರ್ಥನೆಗೆ ಹೋಗುವುದು ನಿಂತಿತು. ಮೇ: ಕೆಲಸಕ್ಕೆ ರಜೆ; ಸಂಜೆ ಕುಡಿತ ಶುರು; "ದೇವರು ನನ್ನನ್ನೇಕೆ ಉಳಿಸಿದ" ಎಂದು ಪದೇ ಪದೇ ಕೇಳುತ್ತಾನೆ. ಜುಲೈ: ಕೆಲಸ ಬಿಟ್ಟ, ನಿದ್ದೆ 2 ಗಂಟೆ, ಈಗ ದಿನಕ್ಕೆ ಐದಾರು ಗಂಟೆ ಪ್ರಾರ್ಥನೆ, ನಡುವೆ ಮಾತಾಡಿಸಿದರೆ ಸಿಟ್ಟು.

ಮೂರು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟಾಗ, ಒಂದೊಂದನ್ನೇ ನೋಡಿದಾಗ ಕಾಣದ್ದು ಕಾಣುತ್ತದೆ. ಈ ಹಾಳೆಯಲ್ಲಿ ನಂಬಿಕೆ ಮೊದಲು ಮುರಿದು ಆಮೇಲೆ ಉಕ್ಕಿದೆ, ಎರಡೂ ನಿದ್ದೆ ಕುಸಿದ ಹೊತ್ತಿನಲ್ಲೇ ಆಗಿವೆ. "ಅತಿಯಾದ ಭಕ್ತಿಯಿಂದ ತಲೆ ಕೆಟ್ಟಿತು" ಎಂದು ಮನೆಯವರು ಹೇಳುತ್ತಿದ್ದರೆ, ಭಕ್ತಿ ಹೆಚ್ಚಿದ್ದು ಕಾಯಿಲೆ ಬಂದು ನಾಲ್ಕು ತಿಂಗಳಾದ ಮೇಲೆ ಎಂದು ಹಾಳೆ ಹೇಳುತ್ತಿದೆ.

ಬಾಲ್ಯವನ್ನೂ ಸೇರಿಸಿ. ವಿನ್ಸೆಂಟ್ ಫೆಲಿಟಿ ಮತ್ತು ರಾಬರ್ಟ್ ಆಂಡಾ ಅವರ ತಂಡ 1998ರಲ್ಲಿ ಪ್ರಕಟಿಸಿದ ಅಧ್ಯಯನ 9,500ಕ್ಕೂ ಹೆಚ್ಚು ವಯಸ್ಕರಿಗೆ ಬಾಲ್ಯದ ದೌರ್ಜನ್ಯ ಮತ್ತು ಮನೆಯ ಹಿಂಸೆಯ ಬಗ್ಗೆ ಪ್ರಶ್ನೆಗಳನ್ನು ಕೇಳಿತ್ತು. ನಾಲ್ಕು ಅಥವಾ ಹೆಚ್ಚು ಬಗೆಯ ಕಹಿ ಅನುಭವ ಇದ್ದವರಲ್ಲಿ, ಏನೂ ಇಲ್ಲದವರಿಗೆ ಹೋಲಿಸಿದರೆ, ಕುಡಿತದ ಚಟ, ಮಾದಕ ವ್ಯಸನ, ಖಿನ್ನತೆ ಮತ್ತು ಆತ್ಮಹತ್ಯೆಯ ಪ್ರಯತ್ನದ ಅಪಾಯ 4ರಿಂದ 12 ಪಟ್ಟು ಹೆಚ್ಚಿತ್ತು. ಆದರೆ ಇದು ಹಣೆಬರಹವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನ ಸುಮಾರು 70% ಜನ ಬದುಕಿನಲ್ಲಿ ಒಮ್ಮೆಯಾದರೂ ಆಘಾತಕಾರಿ ಘಟನೆ ಎದುರಿಸುತ್ತಾರೆ. ಅದರಿಂದ ಆಘಾತೋತ್ತರ ಒತ್ತಡದ ಕಾಯಿಲೆಗೆ ಬೀಳುವವರು 5.6% ಮಾತ್ರ.

ಹಂತ 3: ದೇಹದಲ್ಲೇ ಕಾರಣವಿದೆಯೇ ಎಂದು ಪರೀಕ್ಷೆ ಮಾಡಿಸಿ

ಇದು ಬೇಗ ಮುಗಿಯುವ ಕೆಲಸ, ಆದರೂ ಬಿಟ್ಟುಹೋಗುವುದೇ ಹೆಚ್ಚು. ಥೈರಾಯ್ಡ್, ಬಿ12, ಹಿಮೋಗ್ಲೋಬಿನ್, ಸಕ್ಕರೆ ಪರೀಕ್ಷೆ ಮಾಡಿಸಿ. ಥೈರಾಯ್ಡ್ ಕಡಿಮೆಯಾದರೆ ಅದು ಖಿನ್ನತೆಯಂತೆಯೇ ಕಾಣುತ್ತದೆ, ಹೆಚ್ಚಾದರೆ ಆತಂಕದಂತೆ. ಬೇರೆ ಕಾಯಿಲೆಗೆ ಸ್ಟಿರಾಯ್ಡ್ ಮಾತ್ರೆ ನುಂಗುತ್ತಿದ್ದರೆ ಹೇಳಿ, ಅದೂ ಮನಸ್ಸನ್ನು ಏರುಪೇರು ಮಾಡಬಲ್ಲದು. ಕುಡಿತ ಮತ್ತು ಗಾಂಜಾ ಎಷ್ಟು ಎಂಬುದನ್ನು ಮುಚ್ಚಿಡಬೇಡಿ. ಕೆಲವು ಕ್ಷಣಗಳಷ್ಟೇ ಬಂದು ಹೋಗುವ, ಪ್ರತಿ ಸಲವೂ ಒಂದೇ ತೆರನಾದ ವಿಚಿತ್ರ ವಾಸನೆ ಅಥವಾ ದಿವ್ಯ ಅನುಭವ ಇದ್ದರೆ ಫಿಟ್ಸ್ ಇರಬಹುದೇ ಎಂದು ನರರೋಗ ತಜ್ಞರು ನೋಡಬೇಕು. ಮೊದಲ ಬಾರಿಗೆ ನಡುವಯಸ್ಸು ದಾಟಿದ ಮೇಲೆ ಭ್ರಮೆಗಳು ಕಾಣಿಸಿದರೂ ಅಷ್ಟೇ.

ಹಂತ 4: ನಂಬಿಕೆ ಎತ್ತಿ ಹಿಡಿಯುತ್ತಿದೆಯೇ, ಒತ್ತಿ ಹಿಡಿಯುತ್ತಿದೆಯೇ?

ನಂಬಿಕೆ ಒಳ್ಳೆಯದೇ ಕೆಟ್ಟದ್ದೇ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಈ ವ್ಯಕ್ತಿಗೆ, ಈ ತಿಂಗಳು, ಅದು ಏನು ಮಾಡುತ್ತಿದೆ ಎಂಬ ಪ್ರಶ್ನೆಗೆ ಉತ್ತರವಿದೆ. ಮನೋವಿಜ್ಞಾನಿ ಕೆನೆತ್ ಪಾರ್ಗಮೆಂಟ್ ಕಷ್ಟಕಾಲದಲ್ಲಿ ಜನ ಧರ್ಮವನ್ನು ಬಳಸುವ ಬಗೆಯನ್ನು ಎರಡಾಗಿ ವಿಂಗಡಿಸಿ, 14 ವಾಕ್ಯಗಳ ಒಂದು ಚಿಕ್ಕ ಅಳತೆಗೋಲು ರೂಪಿಸಿದರು. ಏಳು ವಾಕ್ಯ ಆಸರೆಯ ಕಡೆ, ಏಳು ಸಂಘರ್ಷದ ಕಡೆ. ದೇವರು ಜೊತೆಗಿದ್ದಾನೆ, ನನ್ನ ಭಾರದಲ್ಲಿ ಪಾಲು ತೆಗೆದುಕೊಳ್ಳುತ್ತಾನೆ ಎಂಬ ಭಾವ ಒಂದು ಕಡೆ. ದೇವರು ನನ್ನನ್ನು ಕೈಬಿಟ್ಟ, ಇದು ನನಗೆ ಕೊಟ್ಟ ಶಿಕ್ಷೆ, ನನ್ನ ಜನರೇ ನನ್ನನ್ನು ದೂರ ತಳ್ಳಿದರು ಎಂಬ ಭಾವ ಇನ್ನೊಂದು ಕಡೆ. ಎರಡನೆಯದು ಗಟ್ಟಿಯಾಗಿರುವವರಲ್ಲಿ ಖಿನ್ನತೆ ಮತ್ತು ಸಂಕಟ ಹೆಚ್ಚಿರುತ್ತದೆ ಎಂಬುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ.

ಸಂಘರ್ಷದಲ್ಲಿರುವವರು ನಂಬಿಕೆ ಇಲ್ಲದವರಲ್ಲ. ಬಹುಪಾಲು ಅವರೇ ಹೆಚ್ಚು ನಂಬಿದವರು, ನಂಬಿದ್ದಕ್ಕೇ ನೋವು. ಹಾಗಾಗಿ "ಇನ್ನೂ ಹೆಚ್ಚು ನಂಬು" ಎಂದರೆ ಗಾಯದ ಮೇಲೆ ಬರೆ ಎಳೆದಂತೆ.

ಕೇಳಬೇಕಾದದ್ದು ಕಡಿಮೆ. ಪ್ರಾರ್ಥನೆ ಮುಗಿಸಿ ಎದ್ದಾಗ ಮನಸ್ಸು ಹಗುರವಾಗಿರುತ್ತದಾ, ಭಾರವಾಗಿರುತ್ತದಾ? ಈ ಕಾಯಿಲೆ ಯಾಕೆ ಬಂತು ಅನ್ನಿಸುತ್ತದೆ? ಒಂದು ದಿನ ತಪ್ಪಿದರೆ ಏನಾಗುತ್ತದೆ ಎಂಬ ಭಯವಿದೆಯಾ? ಪ್ರಾರ್ಥನೆಯ ಜಾಗಕ್ಕೆ ಹೋದಾಗ ನಿನ್ನ ಸ್ಥಿತಿಯನ್ನು ಯಾರಿಗಾದರೂ ಹೇಳಿಕೊಳ್ಳಬಹುದಾ? ಉತ್ತರ ಬಂದಾಗ ತಿದ್ದಲು ಹೋಗಬೇಡಿ. "ದೇವರು ಶಿಕ್ಷೆ ಕೊಡುವವನಲ್ಲ" ಎಂದು ವಾದಿಸುವುದೂ ತಿದ್ದುವುದೇ. "ಹಾಗೆ ಅನ್ನಿಸುವಾಗ ಎಷ್ಟು ಒಂಟಿ ಅನ್ನಿಸುತ್ತಿರಬೇಕು" ಎಂದರೆ ಸಾಕು. ಉತ್ತರಗಳನ್ನು ಮೂರನೆಯ ಪಟ್ಟಿಗೆ ಸೇರಿಸಿ, ವೈದ್ಯರಿಗೆ ತೋರಿಸಿ. ಅಮೆರಿಕದ ಮನೋವೈದ್ಯರು ರೋಗ ಗುರುತಿಸಲು ಬಳಸುವ ಕೈಪಿಡಿ 1994ರಿಂದಲೇ ಧಾರ್ಮಿಕ ಅಥವಾ ಆಧ್ಯಾತ್ಮಿಕ ಸಮಸ್ಯೆ ಎಂಬ ಪ್ರತ್ಯೇಕ ವರ್ಗವನ್ನು ಇಟ್ಟಿದೆ. ಅದು ರೋಗದ ಹೆಸರಲ್ಲ, ಇಂಥ ಸಂಕಟಕ್ಕೂ ಗಮನ ಬೇಕು ಎಂಬ ಒಪ್ಪಿಗೆ. ಹಾಗಾಗಿ ವೈದ್ಯರ ಮುಂದೆ ಇದನ್ನು ಎತ್ತಲು ಸಂಕೋಚಪಡಬೇಕಿಲ್ಲ.

ಭಕ್ತಿಯಂತೆ ಕಾಣುವ ಗೀಳು

ಇದಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಡಬೇಕು, ಏಕೆಂದರೆ ವರ್ಷಗಟ್ಟಲೆ ಯಾರಿಗೂ ಗೊತ್ತಾಗದೆ ಉಳಿಯುವ ತೊಂದರೆ ಇದು. ಗೀಳು ಕಾಯಿಲೆ ಕೆಲವರಲ್ಲಿ ಧರ್ಮದ ವೇಷ ಹಾಕುತ್ತದೆ. ಪ್ರಾರ್ಥನೆಯ ಒಂದು ಪದ ತಪ್ಪಿತು ಎಂದು ಮೊದಲಿನಿಂದ ಶುರು ಮಾಡುತ್ತಾರೆ. ಪವಿತ್ರವಾದದ್ದರ ಮುಂದೆ ನಿಂತಾಗ ಹೊಲಸು ಬೈಗುಳ ಮನಸ್ಸಿಗೆ ನುಗ್ಗುತ್ತದೆ, ಅದಕ್ಕೆ ಮತ್ತೆ ಪ್ರಾಯಶ್ಚಿತ್ತ. ಹತ್ತು ನಿಮಿಷದ ಆಚರಣೆ ಎರಡು ಗಂಟೆಯಾಗುತ್ತದೆ. ಮುಖದಲ್ಲಿ ಶಾಂತಿ ಕಾಣುವುದಿಲ್ಲ, ಹೆದರಿಕೆ ಕಾಣುತ್ತದೆ. ಅದೇ ನಂಬಿಕೆಯ ಬೇರೆಯವರು ಮಾಡುವುದನ್ನು ಹೋಲಿಸಿ ನೋಡಿ: ಆ ಸಮುದಾಯವೇ ಕೇಳದಷ್ಟನ್ನು ಇವರು ಮಾಡುತ್ತಿರುತ್ತಾರೆ, ಅಷ್ಟಾದರೂ ಸಾಲದು ಅನ್ನುತ್ತಿರುತ್ತಾರೆ.

ಕ್ಯಾಥೊಲಿಕ್ ಪಾದ್ರಿಗಳ ಜೆಸ್ಯೂಟ್ ಸಂಘ ಕಟ್ಟಿದ ಇಗ್ನೇಷಿಯಸ್ ಲೊಯೊಲಾ ಅವರು 1522ರ ಸುಮಾರಿಗೆ ಸ್ಪೇನಿನ ಮನ್ರೇಸಾದಲ್ಲಿದ್ದಾಗ ಇದೇ ಬಗೆಯ ಸಂಕಟಕ್ಕೆ ಸಿಲುಕಿದ್ದರು. ಹಳೆಯ ಪಾಪಗಳನ್ನು ಗುರುಗಳ ಮುಂದೆ ಎಷ್ಟು ಸಲ ನಿವೇದಿಸಿಕೊಂಡರೂ ಏನೋ ಬಿಟ್ಟುಹೋಯಿತು ಎಂಬ ಕಾಟ. ಪ್ರಾಣ ಕಳೆದುಕೊಳ್ಳುವ ಯೋಚನೆಯವರೆಗೂ ಹೋಗಿತ್ತು. ತೀರಾ ಸ್ಪಷ್ಟವಾಗಿರುವ ಪಾಪವನ್ನಷ್ಟೇ ಹೇಳು ಎಂದು ನಿವೇದನೆ ಕೇಳುತ್ತಿದ್ದ ಗುರುಗಳು ಹೇಳಿ ನೋಡಿದರು. ಅದರಿಂದ ಉಪಯೋಗವಾಗಲಿಲ್ಲ, ಏಕೆಂದರೆ ಅವರಿಗೆ ಎಲ್ಲವೂ ಸ್ಪಷ್ಟವಾಗಿಯೇ ಕಾಣುತ್ತಿತ್ತು. ಕೊನೆಗೆ, ಹಳೆಯದನ್ನು ಇನ್ನು ಯಾವತ್ತೂ ನಿವೇದಿಸುವುದಿಲ್ಲ ಎಂದು ನಿರ್ಧರಿಸಿದ ಮೇಲೆ ಆ ಕಾಟದಿಂದ ಬಿಡುಗಡೆ ಸಿಕ್ಕಿತು.

ಇವತ್ತಿನ ಗೀಳು ಚಿಕಿತ್ಸೆಯ ತಿರುಳೂ ಇದೇ. ಕಳವಳ ಹುಟ್ಟಲಿ, ಅದನ್ನು ಇಳಿಸುವ ಆಚರಣೆ ಮಾತ್ರ ಬೇಡ. ಕಳವಳ ಏರಿ, ನಿಂತು, ತಾನಾಗಿ ಇಳಿಯುವುದನ್ನು ಮನಸ್ಸು ಕಲಿಯುತ್ತದೆ. ಮನೆಯವರು ಇಲ್ಲಿ ಮಾಡುವ ತಪ್ಪು ಎಂದರೆ ಸಮಾಧಾನ ಹೇಳುತ್ತಲೇ ಇರುವುದು. "ಅದು ಪಾಪವಲ್ಲ ಬಿಡು" ಎಂದು ದಿನಕ್ಕೆ ಇಪ್ಪತ್ತು ಸಲ ಹೇಳಿದರೆ ನೀವೂ ಆ ಗೀಳಿನ ಭಾಗವಾದಿರಿ. ತಜ್ಞರು, ಕಾಯಿಲೆಯವರು ಮತ್ತು ಅವರು ಗೌರವಿಸುವ ಧರ್ಮಗುರುಗಳು ಮೂವರೂ ಕೂತು "ಒಂದೇ ಸಲ, ಹತ್ತು ನಿಮಿಷ, ತಪ್ಪಿದರೂ ಮುಂದಕ್ಕೆ" ಎಂದು ಒಪ್ಪಿಕೊಂಡರೆ ಚಿಕಿತ್ಸೆ ಎಷ್ಟೋ ಸಲೀಸಾಗುತ್ತದೆ.

ಹಂತ 5: ನಂಬಿಕೆಯೋ, ಭ್ರಮೆಯೋ?

"ದೇವರು ನನ್ನ ಜೊತೆ ಮಾತಾಡಿದ" ಎಂಬ ಒಂದು ವಾಕ್ಯದಿಂದ ಏನನ್ನೂ ತೀರ್ಮಾನಿಸಲಾಗದು. ಅದರ ಸುತ್ತಲಿನ ಬದುಕನ್ನು ನೋಡಿ. ಅವರದೇ ಸಮುದಾಯದ ಹಿರಿಯರಿಗೂ ಆ ಮಾತು ವಿಚಿತ್ರ ಅನ್ನಿಸುತ್ತಿದೆಯೇ? ಅನುಭವದ ನಂತರ ಅವರು ಜನರಿಗೆ ಹತ್ತಿರವಾದರೇ, ದೂರವಾದರೇ? ಸ್ನಾನ, ಊಟ, ಕೆಲಸ ಕುಸಿದಿವೆಯೇ? ತನಗೊಬ್ಬನಿಗೇ ವಿಶೇಷ ಅಧಿಕಾರವಿದೆ, ಅಥವಾ ತನ್ನ ವಿರುದ್ಧ ಸಂಚು ನಡೆದಿದೆ ಎಂಬ ಮಾತು ಸೇರಿಕೊಂಡಿದೆಯೇ? ಸ್ವಲ್ಪವಾದರೂ ಅನುಮಾನಿಸಲು ಅವರಿಗೆ ಆಗುತ್ತಿದೆಯೇ? ಸಹಜವಾದ ಶ್ರದ್ಧೆಯಲ್ಲಿ ಸಂದೇಹಕ್ಕೆ ಜಾಗ ಇರುತ್ತದೆ.

ಭ್ರಮೆ ಎಂದು ಅನ್ನಿಸಿದರೆ ವಾದಕ್ಕಿಳಿಯಬೇಡಿ, ಹೌದೆಂದು ತಲೆಯಾಡಿಸಲೂಬೇಡಿ. "ನಿನಗೆ ಅದು ಕೇಳಿಸುತ್ತಿದೆ ಅಂತ ಗೊತ್ತು. ನನಗೆ ಕೇಳಿಸುತ್ತಿಲ್ಲ. ನಿದ್ದೆ ಇಲ್ಲದೆ ನೀನು ಸೊರಗಿದ್ದೀಯ, ಅದಕ್ಕಾದರೂ ಡಾಕ್ಟರ ಹತ್ತಿರ ಹೋಗೋಣ." ನಿದ್ದೆ, ಭಯ, ಸುಸ್ತು ಇವುಗಳ ಹೆಸರಿನಲ್ಲಿ ಕರೆದರೆ ಅವರು ಬರುವ ಸಾಧ್ಯತೆ ಹೆಚ್ಚು. ತಡಮಾಡಬೇಡಿ: ಚಿತ್ತವಿಕಲತೆಯಲ್ಲಿ (ಭ್ರಮೆ, ಇಲ್ಲದ ದನಿ ಕಾಡುವ ಸ್ಥಿತಿ) ಚಿಕಿತ್ಸೆಯಿಲ್ಲದೆ ಕಳೆದ ಅವಧಿ ಉದ್ದವಾದಷ್ಟೂ ಚೇತರಿಕೆ ಕಷ್ಟ.

ಕಟ್ಟಿಹಾಕುವುದು, ಹೊಡೆಯುವುದು, ಉಪವಾಸ ಕೆಡವುವುದು, ಹೊಗೆ ಹಾಕುವುದು ಇವು ಯಾವ ಧರ್ಮದ ಹೆಸರಿನಲ್ಲಿ ನಡೆದರೂ ಹಿಂಸೆಯೇ. ಕಾಯಿಲೆಗೆ ಇನ್ನೊಂದು ಆಘಾತವನ್ನು ಸೇರಿಸುವುದಷ್ಟೇ ಅವುಗಳಿಂದ ಆಗುವುದು.

ಹಂತ 6: ಮಾತ್ರೆ, ಉಪವಾಸ, ಜಾಗರಣೆ

ಖಿನ್ನತೆಯ ಮಾತ್ರೆಗಳು ಕೆಲಸ ತೋರಿಸಲು 2ರಿಂದ 6 ವಾರ ಬೇಕು. ಮೊದಲ ವಾರದಲ್ಲಿ ಕಾಣುವುದು ವಾಕರಿಕೆ, ತಲೆನೋವು, ಚಡಪಡಿಕೆ. ಉಪಯೋಗ ಬರುವುದು ಆಮೇಲೆ. ಹೀಗಾಗಿ ಹತ್ತನೆಯ ದಿನಕ್ಕೆ "ಇದರಿಂದ ಏನೂ ಆಗಲಿಲ್ಲ" ಎಂದು ಬಿಡುವವರು ಬಹಳ. ಇನ್ನು ಕೆಲವರು ಸಂಪೂರ್ಣ ಚೆನ್ನಾದ ತಕ್ಷಣ, ಪ್ರಾರ್ಥನೆ ಫಲಿಸಿತು ಇನ್ನು ಮಾತ್ರೆ ಏಕೆ ಎಂದು ನಿಲ್ಲಿಸುತ್ತಾರೆ. ಚೆನ್ನಾದ ಮೇಲೂ ಕನಿಷ್ಠ 6 ತಿಂಗಳು ಮುಂದುವರಿಸಬೇಕು, ನಿಲ್ಲಿಸುವಾಗ ವೈದ್ಯರು ಹೇಳಿದಂತೆ ಸ್ವಲ್ಪಸ್ವಲ್ಪವೇ ಇಳಿಸಬೇಕು. ಪರಾಕ್ಸಿಟಿನ್, ವೆನ್ಲಫಾಕ್ಸಿನ್ ಥರದವನ್ನು ಒಮ್ಮೆಗೇ ಬಿಟ್ಟರೆ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದಂತಾಗುವುದು, ಅಳು ಬರುತ್ತವೆ. ಅದನ್ನು ಕಾಯಿಲೆ ಮರುಕಳಿಸಿತು ಎಂದೋ ದೈವಕೋಪ ಎಂದೋ ತಪ್ಪಾಗಿ ತಿಳಿಯುತ್ತಾರೆ.

ಉಪವಾಸದ ವಿಷಯದಲ್ಲಿ, ಬೈಪೋಲಾರ್ ಕಾಯಿಲೆಗೆ (ಮನಸ್ಸು ವಿಪರೀತ ಉತ್ಸಾಹಕ್ಕೂ ಖಿನ್ನತೆಗೂ ತೂಗಾಡುವ ಕಾಯಿಲೆ) ಕೊಡುವ ಲಿಥಿಯಂ ತೆಗೆದುಕೊಳ್ಳುವವರು ಅತಿ ಎಚ್ಚರದಿಂದಿರಬೇಕು. ನೀರು ಕಡಿಮೆಯಾದರೆ, ಉಪ್ಪನ್ನು ಇದ್ದಕ್ಕಿದ್ದಂತೆ ಬಿಟ್ಟರೆ ಮೂತ್ರಪಿಂಡ ಲಿಥಿಯಂ ಅನ್ನು ಹೊರಹಾಕದೆ ಹಿಡಿದಿಟ್ಟುಕೊಳ್ಳುತ್ತದೆ, ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಐಬುಪ್ರೊಫೆನ್ ಥರದ ನೋವಿನ ಮಾತ್ರೆಯೂ ಹಾಗೆಯೇ ಮಾಡುತ್ತದೆ. ಕೊನೆಯ ಡೋಸಿನ 12 ಗಂಟೆಯ ನಂತರ ತೆಗೆದ ರಕ್ತದಲ್ಲಿ ಅದರ ಮಟ್ಟ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಒಳಗಿರಬೇಕು, 1.5 ದಾಟಿದರೆ ವಿಷವಾಗತೊಡಗುತ್ತದೆ. ಕೈ ಜೋರಾಗಿ ನಡುಗುವುದು, ವಾಂತಿ ಭೇದಿ, ತೊದಲು ಮಾತು, ತೂರಾಡುವ ನಡಿಗೆ ಕಂಡರೆ ಮುಂದಿನ ಡೋಸ್ ಕೊಡದೆ ತಕ್ಷಣ ಆಸ್ಪತ್ರೆಗೆ ಹೋಗಿ. ಚಿತ್ತವಿಕಲತೆಗೆ ಕೊಡುವ ಲುರಾಸಿಡೋನ್ ಮಾತ್ರೆಯನ್ನು ಕನಿಷ್ಠ 350 ಕ್ಯಾಲೊರಿ ಊಟದ ಜೊತೆ ನುಂಗದಿದ್ದರೆ ದೇಹಕ್ಕೆ ಸರಿಯಾಗಿ ಸೇರುವುದಿಲ್ಲ, ಬರಿ ಹೊಟ್ಟೆಯಲ್ಲಿ ನುಂಗಿದರೆ ಸುಮಾರು ಅರ್ಧದಷ್ಟೇ ಸೇರುತ್ತದೆ.

ಉಪವಾಸ ಮಾಡಲೇಬೇಕು ಎಂಬ ಹಂಬಲ ಇರುವವರು ಮೂರು ನಾಲ್ಕು ವಾರ ಮೊದಲೇ ವೈದ್ಯರಿಗೆ ತಿಳಿಸಿ. ಡೋಸಿನ ಹೊತ್ತು ಬದಲಿಸಬಹುದೇ, ದಿನಕ್ಕೊಂದೇ ಮಾತ್ರೆಯ ರೂಪ ಇದೆಯೇ, ಈ ವರ್ಷ ಬೇಡವೇ ಎಂದು ಅವರು ಹೇಳುತ್ತಾರೆ. ಕಾಯಿಲೆಯವರಿಗೆ ಉಪವಾಸದಿಂದ ವಿನಾಯಿತಿ ಕೊಡುವ ಸಂಪ್ರದಾಯಗಳು ಅನೇಕ. ಆ ವಿನಾಯಿತಿಯನ್ನು ನೀವು ಹೇಳುವುದಕ್ಕಿಂತ ಧರ್ಮಗುರುಗಳ ಬಾಯಲ್ಲಿ ಹೇಳಿಸಿದರೆ ಮನಸ್ಸಿಗೆ ಒಪ್ಪುತ್ತದೆ.

ರಾತ್ರಿ ಜಾಗರಣೆಯ ವಿಷಯದಲ್ಲಿ ಮಾತ್ರ ರಾಜಿ ಬೇಡ ಎಂಬುದು ನಮ್ಮ ಖಚಿತ ಅಭಿಪ್ರಾಯ. ಬೈಪೋಲಾರ್ ಇರುವವರಿಗೆ ಒಂದು ರಾತ್ರಿ ನಿದ್ದೆ ತಪ್ಪಿದ್ದೂ ಉನ್ಮಾದಕ್ಕೆ ದಾರಿಯಾಗಬಹುದು. ಇಡೀ ರಾತ್ರಿಯ ಬದಲು ಮುಸ್ಸಂಜೆಯ ಒಂದು ಗಂಟೆ ಸಾಕು ಎಂದು ಮೊದಲೇ ಮಾತಾಡಿಕೊಳ್ಳಿ.

ಹಂತ 7: ಆಘಾತವನ್ನು ಮುಟ್ಟುವ ಹೊತ್ತು

ಘಟನೆಯ ಮೊದಲ ದಿನಗಳಲ್ಲಿ ಎಲ್ಲವನ್ನೂ ಬಿಚ್ಚಿ ಹೇಳು ಎಂದು ಒತ್ತಾಯಿಸಬಾರದು. ಘಟನೆ ನಡೆದ ಕೂಡಲೇ ಒಮ್ಮೆ ಕೂರಿಸಿ ವಿವರವಾಗಿ ಹೇಳಿಸುವ ಪದ್ಧತಿಯಿಂದ ಮುಂದಿನ ಕಾಯಿಲೆ ತಪ್ಪುವುದಿಲ್ಲ, ಕೆಲವರಿಗೆ ಕೆಡುಕೇ ಆಗಬಹುದು. ಆ ಹೊತ್ತಿಗೆ ಬೇಕಾದದ್ದು ಸುರಕ್ಷಿತ ಜಾಗ, ಊಟ, ನಿದ್ದೆ, ತಮ್ಮವರ ಸಂಪರ್ಕ. ಹೇಳಿದರೆ ಕೇಳಿ, ಹೇಳದಿದ್ದರೆ ಕೆದಕಬೇಡಿ. ನಿದ್ದೆಗೆಂದು ಡಯಾಜೆಪಾಮ್, ಆಲ್ಪ್ರಾಜೋಲಾಮ್ ಥರದ ಮಾತ್ರೆಗಳನ್ನು ತಾವೇ ತಂದುಕೊಳ್ಳಬೇಡಿ. ಆಘಾತದ ಮೊದಲ ತಿಂಗಳಲ್ಲಿ ಆಘಾತದ ಲಕ್ಷಣಗಳಿಗೆಂದು ಅವನ್ನು ಕೊಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ, ಚಟವಾಗುವ ಅಪಾಯವೂ ಇದೆ.

ಬೆಚ್ಚಿಬೀಳುವುದು, ಕಣ್ಣ ಮುಂದೆ ಮತ್ತೆ ನಡೆದಂತಾಗುವುದು, ನೆನಪಿಸುವ ಜಾಗಗಳಿಂದ ದೂರ ಓಡುವುದು ಒಂದು ತಿಂಗಳು ಮೀರಿ ಉಳಿದರೆ ತಜ್ಞರ ಹತ್ತಿರ ಹೋಗಿ. ಇದಕ್ಕೆ ಆಘಾತೋತ್ತರ ಒತ್ತಡದ ಕಾಯಿಲೆ ಎಂಬ ಅಧಿಕೃತ ಹೆಸರು ಬಂದದ್ದೇ 1980ರಲ್ಲಿ, ಆದರೆ ಈಗ ಇದಕ್ಕೆ ಒಳ್ಳೆಯ ಚಿಕಿತ್ಸೆಗಳಿವೆ. ಘಟನೆಯ ಬಗ್ಗೆ ಮನಸ್ಸು ಕಟ್ಟಿಕೊಂಡ ತೀರ್ಮಾನಗಳನ್ನು ಪರಿಶೀಲಿಸುವ ಪೆಟ್ರೀಷಿಯಾ ರೆಸಿಕ್ ಅವರ ಪದ್ಧತಿ ಸಾಮಾನ್ಯವಾಗಿ 12 ಭೇಟಿಗಳದ್ದು. ನೆನಪನ್ನು ಹಂತಹಂತವಾಗಿ ಎದುರಿಸುವ ಎಡ್ನಾ ಫೋವಾ ಅವರ ಪದ್ಧತಿಗೆ 8ರಿಂದ 15 ಭೇಟಿ ಬೇಕಾಗುತ್ತವೆ. ನೆನೆಯುತ್ತಾ ಕಣ್ಣು ಆಚೀಚೆ ಆಡಿಸುವ ಇಎಂಡಿಆರ್ ಮೂರನೆಯದು. ನಡುವಿನ ಕೆಲವು ಭೇಟಿಗಳಲ್ಲಿ ಕನಸು, ಕಿರಿಕಿರಿ ಸ್ವಲ್ಪ ಹೆಚ್ಚುವುದುಂಟು. ಇದನ್ನು ಮೊದಲೇ ತಿಳಿದುಕೊಂಡಿರಿ.

ನೆನಪು ನುಗ್ಗಿ ಬಂದಾಗ ಮನೆಯಲ್ಲೇ ಮಾಡುವುದು ಹೀಗೆ. ಕಣ್ಣು ತೆರೆದೇ ಇರಲಿ, ಎರಡೂ ಪಾದ ನೆಲಕ್ಕೆ ಒತ್ತಿರಲಿ. ಕಾಣುವ ಐದು ವಸ್ತುಗಳನ್ನು ಬಾಯಿಬಿಟ್ಟು ಹೆಸರಿಸಲಿ, ಆಮೇಲೆ ಮುಟ್ಟಿ ತಿಳಿಯುವ ನಾಲ್ಕು, ಕೇಳುವ ಮೂರು, ಮೂಸುವ ಎರಡು, ರುಚಿಯ ಒಂದು. ನಂತರ ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ, ಐದು ನಿಮಿಷ. ಇವತ್ತಿನ ದಿನಾಂಕ, ಈಗಿರುವ ಜಾಗ ಹೇಳಿಸಿ. ಚಿಕ್ಕದೊಂದು ಪ್ರಾರ್ಥನೆ ಅವರಿಗೆ ನೆಮ್ಮದಿ ಕೊಡುವಂಥದ್ದಾದರೆ ಉಸಿರಿನ ಲಯಕ್ಕೆ ಜೋಡಿಸಬಹುದು. ಕಣ್ಣು ಮುಚ್ಚಿ ದೀರ್ಘ ಧ್ಯಾನ ಮಾತ್ರ ಈಗ ಬೇಡ, ಹೊರಗಿನದು ಮರೆಯಾದಷ್ಟೂ ಕೆಲವರಿಗೆ ಒಳಗಿನ ಚಿತ್ರ ತೀಕ್ಷ್ಣವಾಗುತ್ತದೆ. ಧ್ಯಾನದಿಂದ ಹೆದರಿಕೆ ಹೆಚ್ಚಿತು ಎಂದವರಿಗೆ "ಇನ್ನೂ ಏಕಾಗ್ರತೆ ಬೇಕು" ಎನ್ನಬೇಡಿ, ನಿಲ್ಲಿಸಿಬಿಡಿ.

ತನ್ನ ಕೈಯಿಂದಲೇ ಏನೋ ನಡೆದುಹೋಯಿತು, ಅಥವಾ ತಡೆಯಬಹುದಾಗಿದ್ದನ್ನು ತಡೆಯಲಿಲ್ಲ ಎಂಬ ಸಂಕಟ ಭಯಕ್ಕಿಂತ ಬೇರೆ. ಇದನ್ನು ನೈತಿಕ ಗಾಯ ಎನ್ನುತ್ತಾರೆ. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರಿಗೆ ಚಿಕಿತ್ಸೆ ಕೊಡುತ್ತಿದ್ದ ಜೊನಾಥನ್ ಶೇ ಆ ಹೆಸರನ್ನು ಮೊದಲು ಮೇಲಧಿಕಾರಿಗಳ ದ್ರೋಹದಿಂದಾದ ಗಾಯಕ್ಕೆ ಬಳಸಿದ್ದರು, ಮುಂದೆ ಅದು ಈ ಸಂಕಟಕ್ಕೂ ಬಳಕೆಯಾಯಿತು. ಇಲ್ಲಿ ಉಸಿರಾಟದ ಅಭ್ಯಾಸ ಸಾಲದು. ನಂಬಿಕೆಯ ಸಂಪ್ರದಾಯಗಳು ತಪ್ಪೊಪ್ಪಿಗೆ, ಪ್ರಾಯಶ್ಚಿತ್ತ, ಮತ್ತೆ ಸೇರಿಸಿಕೊಳ್ಳುವುದು ಇವುಗಳಿಗೆ ಇಟ್ಟಿರುವ ದಾರಿಗಳು ಇಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತವೆ.

ಕ್ಷಮೆಯ ಮಾತು ಈಗ ಬರಬಹುದು, ಅದೂ ಗಾಯಗೊಂಡವರ ಕಡೆಯಿಂದ. ಹಿಂಸೆ ಕೊಟ್ಟವರು ಇನ್ನೂ ಅದೇ ಮನೆಯಲ್ಲಿ ಇದ್ದರೆ, ಅಥವಾ ದಿನವೂ ಎದುರಾಗುತ್ತಿದ್ದರೆ ಆ ಮಾತೇ ಎತ್ತಬೇಡಿ. ಆ ಸ್ಥಿತಿಯಲ್ಲಿ ಕ್ಷಮಿಸು ಎಂದರೆ ಸಹಿಸಿಕೋ ಎಂದೇ ಕೇಳಿಸುತ್ತದೆ. ಕ್ಷಮಿಸುವುದು ಬೇರೆ, ಮತ್ತೆ ಹತ್ತಿರ ಸೇರಿಸುವುದು ಬೇರೆ, ದೂರು ಕೊಡದಿರುವುದು ಬೇರೆ. ಮೂರನ್ನೂ ಒಂದೇ ಗಂಟಿಗೆ ಕಟ್ಟುವವರಿಂದ ಅವರನ್ನು ಕಾಪಾಡಿ. ಕ್ಷಮಿಸದೆಯೂ ಗುಣವಾಗಬಹುದು.

ಹಂತ 8: ಧರ್ಮಗುರುಗಳನ್ನು ಜೊತೆಗೆ ತರುವುದು, ತರದಿರುವುದು

ಮೊದಲು ನೀವೊಬ್ಬರೇ ಹೋಗಿ ಮಾತಾಡಿಸಿ. ಮಾತ್ರೆಯ ಬಗ್ಗೆ ಅವರ ಅಭಿಪ್ರಾಯವೇನು? ಕೇಳಿದ ವಿಷಯ ಗುಟ್ಟಾಗಿ ಉಳಿಯುತ್ತದೆಯೇ? ಸಾಯುವ ಮಾತು ಬಂದರೆ ನಿಮಗೆ ಅಥವಾ ವೈದ್ಯರಿಗೆ ತಿಳಿಸುತ್ತಾರೆಯೇ? "ಮಾತ್ರೆ ನಿಲ್ಲಿಸಿದರೆ ಮಾತ್ರ ನಂಬಿಕೆ ಫಲಿಸುತ್ತದೆ" ಎನ್ನುವವರು, ಗುಣವಾಗದಿದ್ದರೆ ಅದಕ್ಕೆ ರೋಗಿಯ ಅಪನಂಬಿಕೆಯೇ ಕಾರಣ ಎನ್ನುವವರು, ಒಬ್ಬರನ್ನೇ ಬಾಗಿಲು ಹಾಕಿ ಕೂರಿಸಿಕೊಳ್ಳಬೇಕು ಎನ್ನುವವರು, ಗುಣಪಡಿಸಲು ದುಡ್ಡು ಕೇಳುವವರು ಬೇಡ. ಒಳ್ಳೆಯವರು ಸಿಕ್ಕಿದರೆ ಅವರಿಂದ ಕೇಳಬೇಕಾದದ್ದು ಉಪದೇಶವಲ್ಲ: ವಾರಕ್ಕೊಮ್ಮೆ ಭೇಟಿ, ಒಂದು ಸಣ್ಣ ಜವಾಬ್ದಾರಿ, ಬಾರದಿದ್ದ ದಿನ ವಿಚಾರಿಸುವ ಒಂದು ಫೋನ್. ಸಮುದಾಯದಿಂದ ಸಿಗುವ ಲಾಭದಲ್ಲಿ ದೊಡ್ಡ ಪಾಲು ಇಂಥ ಒಡನಾಟದ್ದೇ.

ಗಾಯವಾದದ್ದೇ ಪ್ರಾರ್ಥನೆಯ ಜಾಗದಲ್ಲಿ, ಧರ್ಮಗುರುಗಳ ಕೈಯಲ್ಲಿ ಎಂದಾದರೆ ಈ ಹಂತವನ್ನೇ ಬಿಟ್ಟುಬಿಡಿ. ಆ ವೇಷ, ಆ ದನಿ, ಆ ವಾಸನೆಯೇ ಅವರಿಗೆ ಆಘಾತವನ್ನು ಮರಳಿಸುತ್ತದೆ. ನಂಬಿಕೆ ಉಳಿಸಿಕೊಳ್ಳುವುದೋ ಬಿಡುವುದೋ ಅವರ ನಿರ್ಧಾರ, ಅದಕ್ಕೆ ಗಡುವು ಹಾಕಬೇಡಿ.

ಹಂತ 9: ಮನೆಯ ಹವೆ

ಜಾರ್ಜ್ ಬ್ರೌನ್ ಮತ್ತು ಜೊತೆಗಾರರು ಲಂಡನ್ನಿನಲ್ಲಿ ಸ್ಕಿಜೋಫ್ರೇನಿಯಾ (ಭ್ರಮೆ, ಇಲ್ಲದ ದನಿ ಕಾಡುವ ದೀರ್ಘ ಕಾಯಿಲೆ) ರೋಗಿಗಳು ಆಸ್ಪತ್ರೆಯಿಂದ ಮನೆಗೆ ಹೋದ ಮೇಲೆ ಏನಾಗುತ್ತದೆ ಎಂದು ನೋಡಿದರು. ಟೀಕೆ, ಹಗೆತನ, ಅತಿಯಾದ ಕಾವಲು ಇದ್ದ ಮನೆಗಳಲ್ಲಿ ಕಾಯಿಲೆ ಹೆಚ್ಚು ಮರುಕಳಿಸಿತು. ವಾರಕ್ಕೆ 35 ಗಂಟೆಗಿಂತ ಹೆಚ್ಚು ಹೊತ್ತು ಎದುರುಬದುರು ಇದ್ದಲ್ಲಿ ಇನ್ನೂ ಹೆಚ್ಚು. "ಎದ್ದೇಳು, ಸೋಮಾರಿ" ಎಂಬುದು ಟೀಕೆ. "ನಿನಗಾಗಿ ನಾನು ಎಲ್ಲ ಬಿಟ್ಟೆ" ಎಂದು ಇಡೀ ದಿನ ಪಕ್ಕದಲ್ಲೇ ಕೂರುವುದು ಅತಿ ಕಾವಲು. "ನೀನು ಸರಿಯಾಗಿ ಪ್ರಾರ್ಥಿಸುತ್ತಿಲ್ಲ" ಎಂಬುದೂ ಟೀಕೆಯೇ, ಭಕ್ತಿಯ ಮಾತು ಎಂದು ಅದಕ್ಕೆ ವಿನಾಯಿತಿ ಇಲ್ಲ. ದಿನಕ್ಕೆ ಕೆಲವು ಗಂಟೆ ನೀವೂ ಹೊರಗೆ ಹೋಗಿ, ನಿಮ್ಮ ಕೆಲಸ, ಗೆಳೆತನ ಇಟ್ಟುಕೊಳ್ಳಿ. ಇದರಿಂದ ಇಬ್ಬರಿಗೂ ಒಳ್ಳೆಯದು.

ಹಂತ 10: ಮರುಕಳಿಸಿದರೆ ಏನು ಮಾಡಬೇಕೆಂಬ ಚೀಟಿ

ಚೆನ್ನಾಗಿರುವಾಗ, ಅವರದೇ ಕೈಬರಹದಲ್ಲಿ ಬರೆಸಿ. ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ಆತ್ಮಹತ್ಯೆ ತಡೆಯಲು ರೂಪಿಸಿದ ಕ್ರಮ ಇದಕ್ಕೂ ಹೊಂದುತ್ತದೆ: ನನಗೆ ಕಾಣುವ ಮುನ್ಸೂಚನೆಗಳು, ನಾನೊಬ್ಬನೇ ಮಾಡಬಹುದಾದದ್ದು, ಮನಸ್ಸು ಬೇರೆಡೆ ಹರಿಸುವ ಜನ ಮತ್ತು ಜಾಗ, ಬಾಯಿಬಿಟ್ಟು ಸಹಾಯ ಕೇಳಬಹುದಾದವರು, ವೈದ್ಯರ ಮತ್ತು ತುರ್ತು ಸಹಾಯದ ನಂಬರು, ಮನೆಯಲ್ಲಿ ದೂರ ಇಡಬೇಕಾದ ವಸ್ತುಗಳು.

ಮುನ್ಸೂಚನೆ "ಬೇಜಾರಾಗುವುದು" ಎಂದಿದ್ದರೆ ಪ್ರಯೋಜನವಿಲ್ಲ. "ಎರಡು ರಾತ್ರಿ 4 ಗಂಟೆಗಿಂತ ಕಡಿಮೆ ನಿದ್ದೆ", "ಪ್ರಾರ್ಥನೆ ಒಂದು ಗಂಟೆ ಮೀರಿತು", "ಎಂದೂ ತಪ್ಪಿಸದ ಭೇಟಿಗೆ ಎರಡು ವಾರ ಹೋಗಿಲ್ಲ" ಎಂದು ಎಣಿಸಲು ಬರುವಂತೆ ಇರಲಿ. ಪ್ರತಿ ಮುನ್ಸೂಚನೆಯ ಎದುರು, ಯಾರು ಯಾರಿಗೆ ಫೋನ್ ಮಾಡಬೇಕು ಎಂದು ಬರೆದಿರಲಿ. ಒಂದು ಪ್ರತಿ ಅವರ ಪರ್ಸಿನಲ್ಲಿ, ಒಂದು ನಿಮ್ಮ ಫೋನಿನಲ್ಲಿ, ಒಂದು ವೈದ್ಯರ ಕಡತದಲ್ಲಿ ಇರಲಿ. ಅವರು ಒಪ್ಪಿದರೆ ಧರ್ಮಗುರುಗಳ ಹತ್ತಿರವೂ ಇನ್ನೊಂದು. ಮೂರು ತಿಂಗಳಿಗೊಮ್ಮೆ ತೆಗೆದು ನೋಡಿ. ಉಪವಾಸದ ದಿನಗಳು ಬರುವ ಮೊದಲು ಒಮ್ಮೆ, ಘಟನೆ ನಡೆದ ದಿನಾಂಕ ಮರಳಿ ಬರುವ ಎರಡು ವಾರ ಮೊದಲು ಇನ್ನೊಮ್ಮೆ ತಪ್ಪದೆ ಓದಿ. ಆ ದಿನಾಂಕವನ್ನು ಮನಸ್ಸು ಮರೆತರೂ ದೇಹ ನೆನಪಿಟ್ಟಿರುತ್ತದೆ. ಆ ವಾರ ನಿದ್ದೆ ಕೆಟ್ಟರೆ ಕಾರಣ ಹುಡುಕುತ್ತಾ ಕೂರದೆ ಚೀಟಿಯ ಮೊದಲ ಸಾಲಿನಿಂದ ಶುರು ಮಾಡಿ.